ಯಾಚೆನ್ ತಿರುವಿಗೆ ಬೇಲಿ

ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆಯನ್ನು ನೇಸಾ ಎರಡು ಸಲ ಓದಿದಳು. ಮೊದಲ ಸಲ ಅರ್ಥವಾಗಲಿಲ್ಲ ಎಂದಲ್ಲ. ಅಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕದಾಗಿ ಬರೆದು ಮುಗಿಸಿದ್ದಾರಲ್ಲ ಎಂದು.

ಈ ಚಳಿಗಾಲದಿಂದ ಜಾರುದಾರಿ ಗಂಡಸರಿಗೆ ಮಾತ್ರ. ಮಕಾಡೆ ಮಲಗಿ, ತಲೆ ಮುಂದಾಗಿ ಜಾರುವುದು ಹೆಣ್ಣಿನ ಮೈಗೆ ಒಳ್ಳೆಯದಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟಿದ್ದಾರೆ. ಅಷ್ಟೇ. ಕೆಳಗೆ ಕಾರ್ಯದರ್ಶಿ ಮೇಜರ್ ಟ್ರೆಂಚ್ ಅವರ ಸಹಿ.

"ಯಾವ ವೈದ್ಯರಂತೆ?" ಎಂದು ಪಕ್ಕದಲ್ಲಿದ್ದ ಮೆಂಜಿಯಾ ಕೇಳಿದಳು. ಅವಳು ಬೇಕರಿಯವಳು, ನೇಸಾಳ ಬಾಲ್ಯದ ಗೆಳತಿ. ಮೊಣಕೈತನಕ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. "ನಮ್ಮೂರಲ್ಲಿ ಇರೋದು ದನದ ಡಾಕ್ಟ್ರು ಒಬ್ಬರೇ ಕಣೇ."

"ಹಾಗಾದ್ರೆ ಅವರೇ ಇರ್ಬೇಕು ಬಿಡು. ನಮ್ಮನ್ನ ನೋಡಿ ಹಸು ಅಂದ್ಕೊಂಡಿರ್ತಾರೆ."

ಇಬ್ಬರೂ ನಕ್ಕರು. ಆದರೆ ಬೇಕರಿಯ ತಿರುವಿನಲ್ಲಿ ಮೆಂಜಿಯಾಳನ್ನು ಬಿಟ್ಟು ಒಬ್ಬಳೇ ಇಳಿಜಾರು ಹತ್ತುವಾಗ ನೇಸಾ ಆ ಪ್ರಕಟಣೆಯ ಸಾಲುಗಳನ್ನು ಮತ್ತೆ ಮತ್ತೆ ಹೇಳಿಕೊಂಡಳು.

ಮಹಾಯುದ್ಧ ಮುಗಿದು ಹತ್ತು ವರ್ಷ ದಾಟಿತ್ತು. ಹಿಮಬೆಟ್ಟಗಳ ನಡುವಿನ ಎಂಗಡೀನ್ ಕಣಿವೆಯ ಹಳ್ಳಿ ಸುರ್ವಾಲ್‌ಗೆ ಇಂಗ್ಲಿಷ್ ಅತಿಥಿಗಳು ಮತ್ತೆ ಬರತೊಡಗಿದ್ದರು. ಪ್ರತಿ ಚಳಿಗಾಲವೂ ಅವರ ಕ್ಲಬ್ಬಿನ ಆಳುಗಳು ಇಗರ್ಜಿಯ ಹಿಂದಿನ ದಿಬ್ಬದಿಂದ ನದಿಯ ಬಳಿಯ ಗಿರಣಿಯವರೆಗೆ ಹಿಮ ತುಳಿದು, ನೀರು ಎರಚಿ, ಗೋಡೆ ಕಟ್ಟಿ, ಗಾಜಿನಂಥ ಮಂಜುಗಡ್ಡೆಯ ಕಾಲುವೆ ಎಬ್ಬಿಸುತ್ತಿದ್ದರು. ಅದರಲ್ಲಿ ಜಾರುವ ಬಂಡಿಗೆ ಎಲುಬುಗೂಡು ಎಂದೇ ಹೆಸರು. ಎರಡು ಉಕ್ಕಿನ ಸರಳು, ಅವನ್ನು ಹಿಡಿದಿಡುವ ನಾಲ್ಕು ಅಡ್ಡಪಟ್ಟಿ, ಎದೆಯೊಡ್ಡಲು ಒಂದಿಷ್ಟು ತೊಗಲು. ಕೂರಲು ಪೀಠವಿಲ್ಲ, ತಿರುಗಿಸಲು ಚುಕ್ಕಾಣಿಯಿಲ್ಲ. ಗದ್ದ ಮಂಜಿಗೆ ತಾಕುವಷ್ಟು ಕೆಳಗೆ. ನಿಲ್ಲಿಸಬೇಕೆಂದರೆ ಬೂಟಿನ ತುದಿಯ ಕಬ್ಬಿಣದ ಹಲ್ಲುಗಳನ್ನು ಮಂಜಿಗೆ ಊರಬೇಕು. ಊರುವವನಿಗೆ ಎಷ್ಟು ಊರಬೇಕೆಂದು ಗೊತ್ತಿರಬೇಕು.

ನೇಸಾಳಿಗೆ ಗೊತ್ತಿತ್ತು. ಸುರ್ವಾಲ್‌ನ ಹೆಣ್ಣುಮಕ್ಕಳಿಗೆ ಬಂಡಿ ಹೊಸದಲ್ಲ. ಬೇಸಿಗೆಯಲ್ಲಿ ಮೇಲಿನ ಗುಡಿಸಲುಗಳಲ್ಲಿ ಕೂಡಿಟ್ಟ ಒಣಹುಲ್ಲನ್ನು ಚಳಿಗಾಲದಲ್ಲಿ ಮರದ ಬಂಡಿಗೆ ಹೇರಿ, ಮುಂದೆ ತಾವು ನಿಂತು, ಹಿಮ್ಮಡಿ ಊರುತ್ತ ಇಳಿಸುತ್ತಿದ್ದವರು ಹೆಂಗಸರೇ. ಹುಲ್ಲು ಹೊರುವಾಗ ಮೈಗೆ ಏನಾದೀತೆಂದು ಯಾವ ವೈದ್ಯನೂ ಕೇಳಿರಲಿಲ್ಲ. ಎಲುಬುಗೂಡಿನ ಮೇಲೆ ಮೊದಲು ಮಲಗಿದಾಗ ಅವಳಿಗೆ ಹನ್ನೆರಡು. ಆಮೇಲೆ ಹೆಂಗಸರ ಪಂದ್ಯದಲ್ಲಿ ನಾಲ್ಕು ಸಲ ಗೆದ್ದಳು. ಒಂದು ಸಲ ಮೇಜರ್ ಸಾಹೇಬರ ಸೋದರಳಿಯನಿಗಿಂತ ಬೇಗ ಇಳಿದುಬಿಟ್ಟಿದ್ದಳು. ಆ ವರ್ಷ ಅವನಿಗೆ ನೆಗಡಿಯಾಗಿತ್ತು ಎಂದು ಕ್ಲಬ್ಬಿನವರು ಇವತ್ತಿಗೂ ಹೇಳುತ್ತಿದ್ದರು.

ಮನೆಯಲ್ಲಿ ಬಾರ್ಲಿ ಗಂಜಿ ಕುದಿಯುತ್ತಿತ್ತು. ಗಂಡ ಕುರ್ದಿನ್ ಒಲೆಯ ಹತ್ತಿರ ಒದ್ದೆ ಕೈಗವಸು ಹರವಿಕೊಂಡು ಕೂತಿದ್ದ. ಜಾರುದಾರಿ ಕಟ್ಟುವ ಆಳುಗಳಿಗೆ ಅವನೇ ಮೇಸ್ತ್ರಿ. ಹಿಮ ಎಲ್ಲಿ ಎಷ್ಟು ತುಳಿಯಬೇಕು, ಯಾವ ಗೋಡೆಗೆ ಎಷ್ಟು ನೀರು ಕುಡಿಸಬೇಕು ಎಂಬುದೆಲ್ಲ ಅವನ ಲೆಕ್ಕ.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ನೇಸಾ ಕೇಳಿದಳು.

ಅವನು ಕೈಗವಸು ತಿರುವಿ ಹಾಕಿದ. "ನಿನ್ನೆ ಕೇಳಿದೆ."

"ನಿನ್ನೆ ಕೇಳಿದೋನು ನಿನ್ನೇನೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ನಿನ್ನೇನೇ ಹೋಗಿ ಜಗಳ ತೆಗೀತಿದ್ದೆ."

"ಹೂಂ, ತೆಗೀತಿದ್ದೆ."

ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅತ್ತೆ ಬ್ರೈದಾ ಕಣ್ಣೆತ್ತದೆಯೇ ಬಾಯಿ ಹಾಕಿದಳು. "ಒಳ್ಳೇದೇ ಆಯ್ತು ಬಿಡು. ಮೂವತ್ತು ದಾಟಿದ ಹೆಂಗಸು ಹೊಟ್ಟೆ ಮೇಲೆ ಜಾರೋದು ನೋಡಿ ನೋಡಿ ನಂಗೂ ಸಾಕಾಗಿತ್ತು. ಊರೋರು ಏನಂತಾರೆ ಗೊತ್ತಾ? ಬ್ರೈದಾ ಸೊಸೆ ಅಲ್ಲ, ಬ್ರೈದಾ ನೀರುನಾಯಿ ಅಂತಾರೆ."

"ನೀರುನಾಯಿ ಚುರುಕಾಗಿರುತ್ತೆ ಅತ್ತೆ."

"ಬಾಯೇನೋ ಚುರುಕಾಗಿದೆ. ಗಂಜಿ ತಳ ಹಿಡೀತಿದೆ, ನೋಡು."

ಆ ಮಾತು ಅಲ್ಲಿಗೆ ನಿಂತಿತು. ಅದು ಮತ್ತೆ ಹೊತ್ತಿಕೊಂಡದ್ದು ಒಂದು ವಾರ ಬಿಟ್ಟು, ನೇಸಾ ತನ್ನ ಹುಲ್ಲುಗಾವಲಿನ ಕಡೆ ಹೋದಾಗ.

ಆ ಗಾವಲು ಅವಳ ಅಪ್ಪ ಯಾಚೆನ್‌ನದು. ಹಿಂದಿನ ವಸಂತದಲ್ಲಿ ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಮಗಳಾದ ಅವಳಿಗೆ ಬಂದಿತ್ತು. ಜಾರುದಾರಿಯ ಅತಿ ಕಷ್ಟದ ತಿರುವು ಅದರ ನಟ್ಟನಡುವೆಯೇ ಇತ್ತು. ಅದಕ್ಕೆ ಯಾಚೆನ್ ತಿರುವು ಎಂದೇ ಹೆಸರು. ವೇಗ ಹೆಚ್ಚಾದವರನ್ನು ಗೋಡೆಯಾಚೆ ಎಸೆದು, ಹುಲ್ಲು ಹರವಿದ ಹಿಮದ ಗುಡ್ಡೆಯೊಳಗೆ ತಲೆಕೆಳಗಾಗಿ ನೆಡುವ ತಿರುವು ಅದು. ಪ್ರತಿ ಶರತ್ಕಾಲದಲ್ಲಿ ಮೇಜರ್ ಸಾಹೇಬರು ಒಂದು ಬಾಟಲಿ ಬ್ರಾಂಡಿ ಹಿಡಿದು ಅಪ್ಪನ ಮನೆಗೆ ಬರುತ್ತಿದ್ದರು. "ಈ ಸಲವೂ ನಿಮ್ಮ ಗಾವಲಿನ ಮೇಲೆ ಹಾದು ಹೋಗಬಹುದೋ?" ಎಂದು ಕೇಳುತ್ತಿದ್ದರು. ಅಪ್ಪ ಸ್ವಲ್ಪ ಯೋಚಿಸಿದಂತೆ ಮಾಡಿ, ಕೈ ಕುಲುಕುತ್ತಿದ್ದ. ಕಾಗದವಿಲ್ಲ, ಸಹಿಯಿಲ್ಲ.

ಈ ಸಲ ಗಾವಲಿನಲ್ಲಿ ಗೋಡೆ ಆಗಲೇ ಸೊಂಟದೆತ್ತರ ಎದ್ದಿತ್ತು. ಆಳುಗಳು ನೀರು ಎರಚುತ್ತಿದ್ದರು. ನೇಸಾ ಬೇಲಿಯ ಗೂಟ ಹಿಡಿದುಕೊಂಡು ಸುಮ್ಮನೆ ನೋಡುತ್ತ ನಿಂತಳು. ಯಾರೂ ಅವಳ ಮನೆಗೆ ಬಂದಿರಲಿಲ್ಲ. ಯಾರೂ ಏನನ್ನೂ ಕೇಳಿರಲಿಲ್ಲ.

ಅಲ್ಲಿಂದ ನೇರ ಗೌದೆನ್ಸನ ಹೋಟೆಲಿಗೆ ನಡೆದಳು. ಗೌದೆನ್ಸ್ ಊರಿನ ಮುಖ್ಯಸ್ಥ. ಊರಿನ ದೊಡ್ಡ ಹೋಟೆಲೂ ಅವನದೇ.

"ನನ್ನ ಗಾವಲಿನ ಮೇಲೆ ದಾರಿ ಕಟ್ತಿದಾರಲ್ಲ, ಯಾರನ್ನ ಕೇಳಿ?"

"ನನ್ನನ್ನ ಕೇಳಿದ್ರಮ್ಮ. ಊರಿನ ಪರವಾಗಿ ನಾನು ಹೂಂ ಅಂದೆ."

"ಗಾವಲು ಊರಿಂದಲ್ಲ. ನಂದು."

ಗೌದೆನ್ಸ್ ಮಗುವನ್ನು ರಮಿಸುವವನಂತೆ ನಕ್ಕ. "ನಿಂದೇ, ಯಾರು ಇಲ್ಲ ಅಂದ್ರು? ಏನಾದ್ರೂ ಹೇಳೋದಿದ್ರೆ ಭಾನುವಾರ ಸಭೆ ಇದೆ, ಕುರ್ದಿನ್‌ನ ಕಳಿಸು. ಹೆಂಗಸರು ಸಭೆಗೆ ಬರೋ ಹಾಗಿಲ್ಲ ಅಂತ ನಿಂಗೂ ಗೊತ್ತು."

"ಗೊತ್ತು. ಜಾರೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಹುಲ್ಲು ಹೊರಬಹುದಲ್ವಾ?"

"ನೇಸಾ, ಆ ಇಂಗ್ಲಿಷಿನೋರು ಬರೋದ್ರಿಂದ ತಾನೇ ನಮ್ಮೂರಲ್ಲಿ ಚಳಿಗಾಲಕ್ಕೂ ಒಲೆ ಉರೀತಿರೋದು? ಸುಮ್ನೆ ಕಲ್ಲು ಹಾಕ್ಬೇಡ."

ಭಾನುವಾರ ಕುರ್ದಿನ್ ಸಭೆಗೆ ಹೋದ. ಹೋಗುವಾಗ, "ಮಾತಾಡ್ತೀನಿ," ಎಂದಿದ್ದ. ಬಂದವನು ಬೂಟು ಬಿಚ್ಚುವುದರಲ್ಲೇ ಬಹಳ ಹೊತ್ತು ಕಳೆದ. ಕೊನೆಗೆ ಅವನೇ ಹೇಳಿದ: "ಎದ್ದು ನಿಂತೆ ಕಣೇ. ಎಲ್ರೂ ತಿರುಗಿ ನೋಡಿದ್ರು. ಮೇಸ್ತ್ರಿ ಕೆಲಸದ ಯೋಚನೆ ಬಂತು. ಕೂತ್ಕೊಂಡ್ಬಿಟ್ಟೆ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಕೊಟ್ಟಿಗೆಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ತನ್ನ ಎಲುಬುಗೂಡನ್ನು ಇಳಿಸಿ, ಸರಳುಗಳಿಗೆ ಹಿಡಿದಿದ್ದ ತುಕ್ಕನ್ನು ಉಜ್ಜತೊಡಗಿದಳು. ಹಸುಗಳು ಮೆಲುಕು ಹಾಕುತ್ತ ಅವಳನ್ನೇ ನೋಡುತ್ತಿದ್ದವು.

ದೊಡ್ಡ ಕಪ್ಪಿನ ಪಂದ್ಯದ ದಿನ ಬೆಳಿಗ್ಗೆ ಆಕಾಶ ನಿಚ್ಚಳವಾಗಿತ್ತು. ಮೂಗಿನೊಳಗಿನ ಕೂದಲು ಸೆಟೆಯುವಷ್ಟು ಚಳಿ. ಗಂಡಸರು ದಿಬ್ಬದ ಮೇಲೆ ಸೇರುವ ಹೊತ್ತಿಗೆ ನೇಸಾ ತನ್ನ ಗಾವಲಿನಲ್ಲಿದ್ದಳು. ಹುಲ್ಲು ಒಣಗಿಸುವ ಉದ್ದನೆಯ ಗಳಗಳನ್ನು ಜಾರುದಾರಿಗೆ ಅಡ್ಡಲಾಗಿ ಒಂದರ ಮೇಲೊಂದು ಇಟ್ಟು, ಎರಡೂ ಗೋಡೆಗೆ ಹಗ್ಗ ಬಿಗಿದು, ಮೇಲಿನಿಂದ ಬರುವವರಿಗೆ ದೂರದಿಂದಲೇ ಕಾಣುವಂತೆ ತನ್ನ ಕೆಂಪು ಲಂಗವನ್ನು ಅದಕ್ಕೆ ಕಟ್ಟಿದಳು. ಲಂಗ ಬಿಚ್ಚಿದವಳು ಕುರ್ದಿನ್‌ನ ಹಳೆಯ ಷರಾಯಿಯಲ್ಲಿ ನಿಂತಿದ್ದಳು.

ಮೊದಲು ಬಂದವನು ಗೌದೆನ್ಸ್. ಏದುಸಿರು ಬಿಡುತ್ತ ಬಂದ.

"ತಲೆ ಕೆಟ್ಟಿದೆಯೇನೇ ನಿಂಗೆ? ತೆಗಿ ಅದನ್ನ! ಯಾರಾದ್ರೂ ಬಂದು ಬಡಿದ್ರೆ ಸತ್ತೇ ಹೋಗ್ತಾರೆ!"

"ಅದಕ್ಕೇ ಮೇಲೆ ಹೇಳಿ ಕಳಿಸಿದೀನಿ. ಮೆಂಜಿಯಾ ಹೋಗಿದಾಳೆ. ದಾರಿ ಮುಚ್ಚಿದೆ ಅಂತ."

"ಮುಚ್ಚೋಕೆ ನೀನ್ಯಾರು?"

"ಗಾವಲಿನ ಯಜಮಾನಿ."

ಅಷ್ಟರಲ್ಲಿ ಮೇಜರ್ ಟ್ರೆಂಚ್ ಬಂದರು. ಉದ್ದನೆಯ ಮನುಷ್ಯ, ಬಿಳಿ ಮೀಸೆ, ಯುದ್ಧದಲ್ಲಿ ಏಟು ಬಿದ್ದ ಎಡಗಾಲು. ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವರು. ಸಿಟ್ಟು ಬಂದಷ್ಟೂ ವ್ಯಾಕರಣ ಶುದ್ಧವಾಗುತ್ತಿತ್ತು. ಅವರ ಹಿಂದೆ ಗುದ್ದಲಿ ಹಿಡಿದ ಆಳುಗಳು, ಆಳುಗಳ ನಡುವೆ ಕುರ್ದಿನ್.

"ಶ್ರೀಮತಿಯವರೇ, ತಾವು ಮಾಡುತ್ತಿರುವುದು ಅತ್ಯಂತ ಅನುಚಿತವಾದದ್ದು."

"ನೀವು ಮಾಡಿದ್ದು, ಮೇಜರ್ ಸಾಹೇಬ್ರೇ? ಪ್ರತಿವರ್ಷ ನಮ್ಮಪ್ಪನ್ನ ಕೇಳೋಕೆ ಬರ್ತಿದ್ರಲ್ಲ. ಈ ವರ್ಷ ಯಾಕೆ ಬರಲಿಲ್ಲ?"

ಮೇಜರ್ ಒಂದು ಕ್ಷಣ ಗೌದೆನ್ಸನ ಮುಖ ನೋಡಿದರು. "ಅನುಮತಿ ದೊರೆತಿದೆಯೆಂದು ನನಗೆ ತಿಳಿಸಲಾಗಿತ್ತು."

"ನಾನು ಕೊಟ್ಟಿಲ್ಲ. ಈಗ ಕೊಡ್ತೀನಿ. ಒಂದೇ ಮಾತು. ನನ್ನ ನೆಲದ ಮೇಲೆ ನೀವು ಜಾರೋದಾದ್ರೆ ನಾನೂ ಜಾರ್ತೀನಿ."

"ನಿಯಮವು ನಿಯಮವೇ ಆಗಿದೆ. ವೈದ್ಯಕೀಯ ಅಭಿಪ್ರಾಯವೂ—"

"ಮೈ ನಂದು ಸಾಹೇಬ್ರೇ, ಗಾವಲೂ ನಂದು. ಎರಡರ ಬಗ್ಗೇನೂ ನೀವು ಬೇರೆಯೋರನ್ನೇ ಕೇಳಿದೀರಿ."

ಯಾರೋ ಆಳು ಕಿಸಕ್ಕನೆ ನಕ್ಕ. ಮೇಜರ್ ತಿರುಗಿ ಕುರ್ದಿನ್‌ಗೆ ಹೇಳಿದರು: "ಮೇಸ್ತ್ರಿಯೇ, ಆ ಗಳಗಳನ್ನು ತೆಗೆ."

ಕುರ್ದಿನ್ ಎರಡು ಹೆಜ್ಜೆ ಮುಂದೆ ಬಂದ. ನೇಸಾ ಗಳವನ್ನು ಬಿಗಿಯಾಗಿ ಹಿಡಿದಳು. ಇಡೀ ಊರಿನ ಎದುರು ನಿಲ್ಲುವುದಕ್ಕೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಇವನೊಬ್ಬನ ಎದುರು ನಿಲ್ಲುವುದನ್ನು ಯೋಚಿಸಿರಲಿಲ್ಲ. ಅವನು ಗಳಕ್ಕೆ ಕೈಹಾಕಿದರೆ ತಾನೇನು ಮಾಡುವುದು? ತಡೆಯುವುದೇ? ಹೊಡೆದಾಡುವುದೇ?

ಕುರ್ದಿನ್ ಗುದ್ದಲಿಯನ್ನು ಹಿಮಕ್ಕೆ ಊರಿದ. ಅವನ ಕಿವಿಗಳು ಕೆಂಪಾಗಿದ್ದವು.

"ಆಗಲ್ಲ ಸಾಹೇಬ್ರೇ," ಎಂದ. ದನಿ ಒಡೆದಿತ್ತು. "ಅವಳ ನೆಲ. ಅವಳು ಹೇಳಿದ್ರೆ ತೆಗೀತೀನಿ."

"ನಿನ್ನ ಕೆಲಸವನ್ನು ನೀನು ಕಳೆದುಕೊಳ್ಳುವೆ."

"ಗೊತ್ತು. ಹೋದ ಭಾನುವಾರಾನೇ ಕಳ್ಕೋಬೇಕಿತ್ತು."

ಆಗ ಕೆಳಗಿನ ಕಾಲುದಾರಿಯಿಂದ ಬ್ರೈದಾ ಹತ್ತಿ ಬಂದಳು. ಒಂದು ಕೈಯಲ್ಲಿ ಹಾಲು ಕರೆಯುವ ಮೊಣಕಾಲೆತ್ತರದ ಮಣೆ, ಇನ್ನೊಂದರಲ್ಲಿ ಹೆಣಿಗೆಯ ಚೀಲ. ಯಾರೊಂದಿಗೂ ಮಾತಾಡಲಿಲ್ಲ. ಗೋಡೆಯ ಕೆಳಭಾಗದಿಂದ ಜಾರುದಾರಿಗೆ ಇಳಿದು, ಗಳಗಳ ಹಿಂದೆ ಮಣೆ ಹಾಕಿ, ಸೆರಗು ಸರಿಮಾಡುವಂತೆ ಶಾಲು ಹೊದ್ದು ಕೂತಳು. ಕಡ್ಡಿಗಳು ಟಕಟಕ ಆಡತೊಡಗಿದವು.

"ಅತ್ತೆ, ನೀವ್ಯಾಕೆ ಬಂದ್ರಿ ಈ ಚಳೀಲಿ?"

"ನಿನಗೋಸ್ಕರ ಅಲ್ಲ, ತಿಳ್ಕೋ. ನೀನು ಹೊಟ್ಟೆ ಮೇಲೆ ಜಾರೋದು ನಂಗೆ ಇವತ್ತಿಗೂ ಇಷ್ಟ ಇಲ್ಲ. ಆದ್ರೆ ನಿನ್ನ ಬೇಡ ಅನ್ನೋಕೆ ನಾನಿದೀನಿ, ಈ ಮೀಸೆಯೋನು ಯಾರು?" ಎಂದು ಮೇಜರ್ ಕಡೆ ಕಡ್ಡಿ ತೋರಿಸಿ, ಅದನ್ನು ಗೌದೆನ್ಸನ ಕಡೆ ತಿರುಗಿಸಿದಳು. "ಮತ್ತೆ ನೀನು. ಚಡ್ಡೀಲಿ ಉಚ್ಚೆ ಹೊಯ್ಕೊಳ್ತಿದ್ದಾಗ ನಿನ್ನ ತೊಳೆದಿದೀನಿ ಕಣೋ. ನನ್ನ ಸೊಸೆಗೆ ಅಮ್ಮ ಕಂದ ಅಂತ ಬುದ್ಧಿ ಹೇಳೋಕೆ ಬರ್ತೀಯಾ?"

ಗೌದೆನ್ಸ್ ಟೋಪಿಯನ್ನು ಹುಬ್ಬಿನತನಕ ಎಳೆದುಕೊಂಡ. ಈಗ ನಕ್ಕದ್ದು ಒಬ್ಬ ಆಳಲ್ಲ. ಮೆಂಜಿಯಾ ಮೇಲಿನಿಂದ ಬರುವಾಗ ದಾರಿಯಲ್ಲಿ ಸಿಕ್ಕ ಹೆಂಗಸರನ್ನೆಲ್ಲ ಕರೆದುಕೊಂಡೇ ಬಂದಿದ್ದಳು. ಕೆಲವರು ಗೋಡೆಯ ಮೇಲೆ ಕೂತರು, ಕೆಲವರು ಅತ್ತೆಯ ಹಿಂದೆ ನಿಂತರು. ಯಾರೂ ಕೂಗಾಡಲಿಲ್ಲ. ಬ್ರೈದಾಳ ಕಡ್ಡಿಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಮೇಜರ್ ಪೂರ್ವದ ಶಿಖರ ನೋಡಿದರು. ಅಂಚು ಆಗಲೇ ಹೊನ್ನಾಗಿತ್ತು. ಯಾಚೆನ್ ತಿರುವಿನ ಗೋಡೆಗೆ ಬಿಸಿಲು ಬಿದ್ದರೆ ಮಂಜು ಮೆತ್ತಗಾಗುತ್ತದೆ. ಆಮೇಲೆ ಆ ದಿನ ಪಂದ್ಯವಿಲ್ಲ. ಮೇಲೆ ದಿಬ್ಬದಲ್ಲಿ ಲಂಡನ್ನಿನಿಂದ, ಪ್ಯಾರಿಸ್ಸಿನಿಂದ ಬಂದ ಸವಾರರು ಕಾಲು ಕುಟ್ಟುತ್ತ ನಿಂತಿದ್ದಾರೆ.

"ಪಂದ್ಯವು ಮುಗಿದ ತರುವಾಯ," ಎಂದರು ಕೊನೆಗೆ, "ತಾವು ಒಂದು ಬಾರಿ ಇಳಿಯಬಹುದು. ಹೊರಡುವ ಗಂಟೆಯನ್ನು ಬಾರಿಸುವುದಿಲ್ಲ. ಕಾಲವನ್ನು ಅಳೆಯುವುದಿಲ್ಲ."

"ಪಂದ್ಯ ಮುಗಿಯೋ ಹೊತ್ತಿಗೆ ಗೋಡೆ ಕರಗಿರುತ್ತೆ. ಮೊದಲು ನಾನು."

"ಅದು ಅಸಾಧ್ಯ."

"ಹಾಗಾದ್ರೆ ಬನ್ನಿ, ಇಲ್ಲೇ ಕೂತು ಬಿಸಿಲು ಕಾಯಿಸೋಣ. ಅತ್ತೆ, ಮೇಜರ್ ಸಾಹೇಬ್ರಿಗೆ ಸ್ವಲ್ಪ ಜಾಗ ಕೊಡಿ."

ಮೇಜರ್ ಮೀಸೆ ಕಚ್ಚಿದರು. ಅವರ ಕಣ್ಣಿನ ಮೂಲೆಯಲ್ಲಿ ನಗೆಯಂಥದೊಂದು ಮೂಡಿತೇನೋ. ಮೂಡಿದ್ದರೂ ಅದನ್ನವರು ಅಲ್ಲೇ ಹೊಸಕಿಹಾಕಿದರು. "ಸರಿ," ಎಂದು ಒಂದೇ ಮಾತು ಹೇಳಿ, ಕುಂಟುತ್ತ ಮೇಲಕ್ಕೆ ಹೊರಟರು.

ನೇಸಾ ತನ್ನ ಎಲುಬುಗೂಡು ಹೊತ್ತು ದಿಬ್ಬ ಹತ್ತಿದಾಗ ಸವಾರರು ಎರಡು ಸಾಲಾಗಿ ದಾರಿ ಬಿಟ್ಟರು. ಒಬ್ಬ ಟೋಪಿ ತೆಗೆದ, ಮಿಕ್ಕವರು ತೆಗೆಯಲಿಲ್ಲ. ಯಾರೋ ಹಿಂದಿನಿಂದ, "ಅಡುಗೆಮನೆ ಆ ಕಡೆ," ಎಂದ. ನೇಸಾ ತಿರುಗಲಿಲ್ಲ. ಮೊಣಕೈಗೆ, ಮೊಣಕಾಲಿಗೆ ತೊಗಲಿನ ಪಟ್ಟಿ ಬಿಗಿದಳು. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದಳು.   ಹೋದ ವರ್ಷದ ಫೆಬ್ರವರಿಯಿಂದ ಇಳಿದಿರಲಿಲ್ಲ. ಬಿದ್ದರೆ, ಹೆಂಗಸರು ಬೀಳುತ್ತಾರೆಂದು ಇವರು ಮೊಮ್ಮಕ್ಕಳಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಗಂಡಸು ಬಿದ್ದರೆ ಅವನೊಬ್ಬನೇ ಬೀಳುತ್ತಾನೆ.

ಗಂಟೆಯ ಹಗ್ಗ ಯಾರ ಕೈಯಲ್ಲೂ ಇರಲಿಲ್ಲ. ಅವಳು ಬಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಓಡಿ, ಮೈ ಚೆಲ್ಲಿದಳು.

ಮೊದಲ ನೇರದಲ್ಲಿ ಗಾಳಿ ಮುಖಕ್ಕೆ ಹೊಡೆಯಿತು. ಆಮೇಲೆ ಗಾಳಿಯ ಸದ್ದಿಗಿಂತ ಉಕ್ಕಿನ ಸದ್ದು ಜೋರಾಯಿತು, ಬಟ್ಟೆಯ ಥಾನನ್ನು ಒಂದೇ ಸಮ ಹರಿದಂತೆ. ಗದ್ದದ ಕೆಳಗೆ ಮಂಜು ಹೊಳೆಯಾಗಿ ಹರಿಯಿತು. ಇಗರ್ಜಿಯ ಗೋಡೆ, ಬೇಕರಿಯ ಹಿತ್ತಿಲು, ಒಂದು ಮಗುವಿನ ಹಳದಿ ಟೋಪಿ, ಎಲ್ಲ ಬಂದದ್ದೇ ಇಲ್ಲವಾದವು. ಎಡಕ್ಕೆ ಹೆಗಲು ಒತ್ತಿದಳು, ಬಂಡಿ ಕೇಳಿತು. ಬಲಕ್ಕೆ ಒತ್ತಿದಳು, ಕೇಳಿತು. ಮೈಗೆ ಮರೆತುಹೋಗಿಲ್ಲವೆಂದು ಗೊತ್ತಾದ ಕೂಡಲೇ ಒಂದು ಹುಚ್ಚು ಖುಷಿ ಎದೆಯಲ್ಲಿ ಉಕ್ಕಿತು. ಆ ಖುಷಿಯಲ್ಲೇ ತಪ್ಪು ಮಾಡಿದಳು.

ಯಾಚೆನ್ ತಿರುವಿಗೆ ಬರುವ ಮೊದಲು ಬೂಟಿನ ಹಲ್ಲು ಊರಬೇಕಿತ್ತು. ಊರಿದ್ದು ತಡವಾಯಿತು. ಕುರ್ದಿನ್ ಗಳ ತೆಗೆದು ಬದಿಗೆ ನಿಂತಿದ್ದ. ಅವನ ಮುಖ ಬಿಳುಚಿಕೊಂಡದ್ದು ಆ ವೇಗದಲ್ಲೂ ಕಂಡಿತು. ಬಂಡಿ ಗೋಡೆ ಹತ್ತತೊಡಗಿತು. ಹತ್ತಿತು, ಇನ್ನೂ ಹತ್ತಿತು. ಗೋಡೆಯ ಅಂಚು, ಅದರಾಚೆ ನೀಲಿ ಆಕಾಶ, ಆಕಾಶದ ಕೆಳಗೆ ಹುಲ್ಲು ಹರವಿದ ಗುಡ್ಡೆ. ಅವಳು ಎರಡೂ ಬೂಟು ಅದುಮಿ, ಬಲ ಮೊಣಕೈಯನ್ನು ಮಂಜಿಗೆ ಒತ್ತಿ, ಇಡೀ ಮೈಯನ್ನು ಒಳಗಡೆಗೆ ಎಳೆದುಕೊಂಡಳು. ತೊಗಲು ಹರಿಯಿತು. ಮೊಣಕೈ ಉರಿಯಿತು. ಒಂದು ಸರಳು ಅಂಚಿನಾಚೆ ಗಾಳಿಯಲ್ಲಿತ್ತು.

"ಹಿಡ್ಕೋ!" ಎಂದು ಯಾರೋ ಅರಚಿದರು. ಅದು ಬ್ರೈದಾಳ ದನಿ.

ಬಂಡಿ ತೂಗಾಡಿತು, ಕೆಳಕ್ಕೆ ಬಿತ್ತು, ಮಂಜಿಗೆ ಬಡಿದು, ಅವಳ ಗದ್ದ ಸೀಳಿತು. ಆದರೆ ದಾರಿಯೊಳಗೇ ಬಿತ್ತು. ಬಾಯಲ್ಲಿ ರಕ್ತದ ರುಚಿ. ಮುಂದಿನ ನೇರಕ್ಕೆ ಅವಳು ಹಲ್ಲು ಊರಲೇ ಇಲ್ಲ. ಬಿಟ್ಟಳು. ಗಿರಣಿಯ ಹತ್ತಿರದ ಏರು ಬಂದು, ಬಂಡಿ ತಾನಾಗಿ ನಿಂತಾಗ, ಅಲ್ಲೇ ಮಂಜಿನ ಮೇಲೆ ಮುಖವಿಟ್ಟು ಮಲಗಿದಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ಎಷ್ಟು ಬೇಗ ಇಳಿದಳೆಂದು ಯಾರಿಗೂ ಗೊತ್ತಿಲ್ಲ. ಅಳೆಯಲಿಲ್ಲವಲ್ಲ. ಗಿರಣಿಯ ಯಜಮಾನ ಇವತ್ತಿಗೂ, ಅಷ್ಟು ಬೇಗ ಇನ್ನೊಬ್ಬರು ಬಂದಿಲ್ಲ ಎಂದು ಆಣೆ ಹಾಕುತ್ತಾನೆ. ಅವನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ಊರವರು ಕಿಚಾಯಿಸುತ್ತಾರೆ.

ಪಂದ್ಯ ನಡೆಯಿತು, ಯಾರೋ ಗೆದ್ದರು. ಸಂಜೆಯೊಳಗೆ ಎರಡು ಸುದ್ದಿ ಬಂತು. ಕುರ್ದಿನ್‌ಗೆ ಕೆಲಸ ಹೋಗಿತ್ತು. ನೇಸಾ ಇನ್ನು ಮುಂದೆ ಜಾರುದಾರಿಯ ಹತ್ತಿರವೂ ಸುಳಿಯುವಂತಿಲ್ಲವೆಂದು ಕ್ಲಬ್ಬು ತೀರ್ಮಾನಿಸಿತ್ತು. ಗದ್ದಕ್ಕೆ ಹೊಲಿಗೆ ಹಾಕಿದವರು ದನದ ಡಾಕ್ಟ್ರೇ. "ಅಭಿಪ್ರಾಯ ನಾನು ಕೊಟ್ಟಿಲ್ಲಮ್ಮ, ದೇವರಾಣೆ," ಎಂದು ಹೊಲಿಯುತ್ತಲೇ ಹೇಳಿದರು.

ಆ ಚಳಿಗಾಲದ ಉಳಿದ ದಿನಗಳು ಸುಲಭವಾಗಿರಲಿಲ್ಲ. ಕುರ್ದಿನ್ ಮರ ಕಡಿಯಲು ಕೆಳಕಣಿವೆಗೆ ಹೋಗಿಬರುತ್ತಿದ್ದ. ಗೌದೆನ್ಸನ ಹೋಟೆಲಿಗೆ ಹಾಲು ಹಾಕುವುದೂ ನಿಂತಿತು. ಇಗರ್ಜಿಯಲ್ಲಿ ಕೆಲವರು ಪಕ್ಕದ ಬೆಂಚಿಗೆ ಸರಿದು ಕೂರುತ್ತಿದ್ದರು. ಬ್ರೈದಾ ಅಂಥವರ ಪಕ್ಕಕ್ಕೇ ಹೋಗಿ ಕೂರುತ್ತಿದ್ದಳು.

ಮುಂದಿನ ಶರತ್ಕಾಲದಲ್ಲಿ ನೇಸಾ ಕಾದಳು. ಮೇಜರ್ ಬ್ರಾಂಡಿ ಹಿಡಿದು ಬಂದಾರೇ? ಬರಲಿಲ್ಲ. ಹೆಂಗಸರಿಗೆ ದಾರಿ ಬಿಡುವುದಕ್ಕಿಂತ ದಾರಿಯನ್ನೇ ಬದಲಾಯಿಸುವುದು ಲೇಸೆಂದು ಕ್ಲಬ್ಬು ನಿರ್ಧರಿಸಿತ್ತು. ಹೊಸ ಮೇಸ್ತ್ರಿ ಅವಳ ಗಾವಲನ್ನು ಸುತ್ತಿಕೊಂಡು, ಬಂಡೆಗಳ ನಡುವೆ ಒಂದು ಸೊಟ್ಟ ತಿರುವು ಕಟ್ಟಿದ. ಯಾಚೆನ್ ತಿರುವಿನ ಜಾಗದಲ್ಲಿ ಬರಿ ಹಿಮ ಬಿದ್ದಿತ್ತು.

"ಕಟ್ಟೋಣ್ವಾ?" ಎಂದು ಕುರ್ದಿನ್ ಒಂದು ಬೆಳಿಗ್ಗೆ ಕೇಳಿದ. ಗುದ್ದಲಿ ಆಗಲೇ ಅವನ ಹೆಗಲ ಮೇಲಿತ್ತು.

ಗಾವಲು ದಾರಿಗೆ ಸಾಲುವಷ್ಟು ಉದ್ದವಿರಲಿಲ್ಲ. ಮೇಲಿನದು ಮೆಂಜಿಯಾಳ ಗಂಡನ ಹೊಲ; ಮೆಂಜಿಯಾ ಮೂರು ದಿನ ಅವನಿಗೆ ಬ್ರೆಡ್ಡು ಹಾಕದೆ ಒಪ್ಪಿಸಿದಳು. ಕೆಳಗಿನದು ಗಿರಣಿಯವನದು, ಅವನು ಕೇಳುವ ಮೊದಲೇ ಒಪ್ಪಿದ. ಹೆಂಗಸರು ಹಿಮ ತುಳಿದರು, ಹಾಲಿನ ಕ್ಯಾನಿನಲ್ಲಿ ನೀರು ಹೊತ್ತರು, ಕುರ್ದಿನ್ ಗೋಡೆ ನಯ ಮಾಡಿದ. ದಾರಿ ಚಿಕ್ಕದೇ. ಆದರೆ ತಿರುವು ಅದೇ ತಿರುವು. ಎಲುಬುಗೂಡು ಇದ್ದದ್ದು ಎರಡೇ. ಮಿಕ್ಕವರು ಹುಲ್ಲಿನ ಬಂಡಿಯ ಮೇಲೇ ಮಕಾಡೆ ಮಲಗಿ ಇಳಿದರು, ಗೋಡೆಯಾಚೆ ಹಾರಿದರು, ಹಲ್ಲಿಗೆ ಅಂಟಿದ ಹುಲ್ಲು ಉಗಿಯುತ್ತ ಮತ್ತೆ ಹತ್ತಿದರು.

ಜನವರಿಯ ಒಂದು ಬೆಳಿಗ್ಗೆ ಗೌದೆನ್ಸ್ ಬಂದ. ಗಾವಲಿನ ಗೂಟದ ಹತ್ತಿರ ನಿಂತು, ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ನೇಸಾ, ಹೋಟೆಲಲ್ಲಿ ಇಂಗ್ಲಿಷ್ ಹೆಣ್ಮಕ್ಕಳು ಕೇಳ್ತಿದಾರೆ. ಅಲ್ಲಿ ಬಿಡಲ್ಲ, ಇಲ್ಲಿ ಬಿಡ್ತಾರಂತೆ ಹೌದಾ ಅಂತ. ಏನು ಹೇಳ್ಲಿ?"

ನೇಸಾ ಬೂಟಿನ ಹಲ್ಲಿಗೆ ಮೆತ್ತಿದ್ದ ಮಂಜು ಕುಟ್ಟುತ್ತಿದ್ದಳು. ಗದ್ದದ ಗಾಯದ ಗುರುತು ಚಳಿಗೆ ಬೆಳ್ಳಗಾಗಿತ್ತು.

"ಬರೋಕೆ ಹೇಳು. ಬರುವಾಗ ಒಂದೊಂದು ಗುದ್ದಲಿ ತರ್ಲಿ. ಇಲ್ಲಿ ಮೊದಲು ಹಿಮ ತುಳೀಬೇಕು, ಆಮೇಲೆ ಜಾರೋದು."

"ಮೇಜರ್ ಸಾಹೇಬ್ರಿಗೆ ಗೊತ್ತಾದ್ರೆ?"

"ಅವರಿಗೂ ಹೇಳು. ಬೇಕಾದ್ರೆ ಅವರೂ ಬರ್ಲಿ. ಆದ್ರೆ ಕೇಳಿಕೊಂಡು ಬರ್ಬೇಕು."

ಅಷ್ಟು ಹೇಳಿ, ಬಂಡಿ ಎತ್ತಿ ಹೆಗಲಿಗೆ ಹಾಕಿಕೊಂಡು ಅವಳು ದಿಬ್ಬ ಹತ್ತತೊಡಗಿದಳು. ಮೇಲೆ ಮೆಂಜಿಯಾ, "ಬೇಗ ಬಾರೇ, ಬಿಸಿಲು ಬರ್ತಿದೆ!" ಎಂದು ಕೂಗುತ್ತಿದ್ದಳು.